ಅಮಾವಾಸ್ಯೆಗೆ ಬಿಟ್ಟ ಏಳು ದಿನ

ಓವರ್‌ಟೈಮ್ ದುಡ್ಡಿಗೂ ತೆರಿಗೆ ಹಿಡಿಯುತ್ತಾರೆ ಎನ್ನುವುದು ನನಗೆ ಗೊತ್ತಾದದ್ದು ಕಡಲೆಕಾಯಿ ಬೀಜದಿಂದ. ಹುರಿದ ಬೀಜ ಆರಲೆಂದು ಕೈಗೆ ಸಿಕ್ಕ ಕಾಗದದ ಮೇಲೆ ಹರಡಿದ್ದೆ. ಸಿಪ್ಪೆ ಊದಿ ತೆಗೆಯುತ್ತಿದ್ದಾಗ ಕೆಳಗೆ ನಮ್ಮ ಯಜಮಾನರ ಹೆಸರು ಕಂಡಿತು. ಬೀಜ ಪಕ್ಕಕ್ಕೆ ಸರಿಸಿ ಓದಿದೆ. ಬೊಂಬಾಯಿಯಿಂದ ಬಂದ ಸಂಬಳದ ಕಾಗದ. ಯಾವ ತಾರೀಖು ಎಷ್ಟು ಗಂಟೆ ಓವರ್‌ಟೈಮ್, ಅದಕ್ಕೆ ಎಷ್ಟು ದುಡ್ಡು, ಅದರಲ್ಲಿ ಎಷ್ಟು ತೆರಿಗೆಗೆ ಹಿಡಿದರು ಎಂದು ಸಾಲುಸಾಲಾಗಿ ಬರೆದಿತ್ತು. ಒಂದು ಸಾಲಿನ ಹತ್ತಿರ ನನ್ನ ಬೆರಳು ನಿಂತಿತು. ಆ ತಾರೀಖು ಶ್ರಾವಣದ ಎರಡನೇ ಶುಕ್ರವಾರ, ವರಮಹಾಲಕ್ಷ್ಮಿ ವ್ರತ. ಅವತ್ತು ಇವರು ಮನೆಯಲ್ಲೇ ಇದ್ದು ಸ್ಟೂಲು ಹತ್ತಿ ಮಾವಿನ ತೋರಣ ಕಟ್ಟಿದ್ದರು. ಕಾಗದ ನೋಡಿದರೆ ಅದೇ ದಿನ ಸಮುದ್ರದ ನಡುವೆ ನಾಲ್ಕು ಗಂಟೆ ಓವರ್‌ಟೈಮ್ ಮಾಡಿದ್ದಾರೆ!

ನಾನು ಕೆಲಸಕ್ಕೆ ಹೋಗುತ್ತಿದ್ದೆ ಎಂದು ಎಲ್ಲೂ ಹೇಳಿಕೊಂಡವಳಲ್ಲ. ಅಡುಗೆ, ಪೂಜೆ, ಮನೆ ಎಲ್ಲ ಮುಗಿಸಿ, ಊಟದ ಮಣೆ ಎತ್ತಿಟ್ಟ ಜಾಗದಲ್ಲೇ ಚಾಪೆ ಹಾಸಿಕೊಂಡು ಹತ್ತು ಹನ್ನೆರಡು ವರ್ಷ ಹೀಗೆ ಸಮುದ್ರದ ಗಂಡಸರ ಓವರ್‌ಟೈಮ್ ತೆರಿಗೆಯ ಕಾಗದ ನೋಡಿದೆ. ಈಗ ಬಿಟ್ಟು ಬಹಳ ಕಾಲವಾಯಿತು. ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಆಡಿಟರ್ ಆಫೀಸು ಸೇರಿದ್ದಾರೆ. ‘ಅಜ್ಜೀ, ನೀವು ಆಗ ಹೇಗೆ ಮಾಡ್ತಿದ್ರಿ, ಬರೆದುಕೊಡಿ’ ಎಂದು ಕೇಳಿದರು. ಬರೆದಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ನನ್ನ ತಪ್ಪೇ ದೊಡ್ಡದಾಗಿ ಕಾಣುತ್ತದೆ. ಕಾಣಲಿ, ಅದರಿಂದಲೇ ನಾಲ್ಕು ಜನಕ್ಕೆ ಉಪಯೋಗ.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಬೊಂಬಾಯಿಯಾಚೆ ಕಡಲಿನಲ್ಲಿ ಎಣ್ಣೆ ತೆಗೆಯಲು ಕಬ್ಬಿಣದ ಅಟ್ಟಗಳನ್ನು ನಿಲ್ಲಿಸಿದ್ದರು. ನಮ್ಮವರು ಅಲ್ಲಿಗೆ ಎಲೆಕ್ಟ್ರಿಶಿಯನ್ ಆಗಿ ಹೋದರು. ಅವರ ಹಿಂದೆ ಗುಬ್ಬಿ, ಕುಣಿಗಲ್ ಕಡೆಯವರು ಏಳೆಂಟು ಜನ ಹೋದರು. ಹದಿನಾಲ್ಕು ದಿನ ಅಟ್ಟದ ಮೇಲೆ, ಹದಿನಾಲ್ಕು ದಿನ ರಜ. ಅಟ್ಟದ ಮೇಲಿದ್ದಾಗ ದಿನಕ್ಕೆ ಹನ್ನೆರಡು ಗಂಟೆ ದುಡಿತ. ಎಂಟು ಗಂಟೆ ಸಂಬಳಕ್ಕೆ, ಮಿಕ್ಕ ನಾಲ್ಕು ಓವರ್‌ಟೈಮಿಗೆ. ಸೋಮವಾರ ತುಮಕೂರಿನಲ್ಲಿ ರೈಲು ಹತ್ತಿದರೆ ಮೀರಜಿನಲ್ಲಿ ಗಾಡಿ ಬದಲಿಸಿ, ಬೊಂಬಾಯಿ ಮುಟ್ಟಿ, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಕಡಲಿಗೆ. ಅಲ್ಲಿಗೆ ಹೋದ ಮೇಲೆ ಫೋನಿಲ್ಲ. ವೈರ್‌ಲೆಸ್ ಇತ್ತಂತೆ, ಸಾವು ನೋವಿಗೆ ಮಾತ್ರ.

ಆ ಎಣ್ಣೆ ಜಿಡ್ಡಿನ ಕಾಗದವನ್ನೇ ಹಿಡಿದುಕೊಂಡು ನಾನು ನಮ್ಮ ತುಮಕೂರಿನ ಚಿಕ್ಕಪೇಟೆಯ ಪುಟ್ಟರಾಜಯ್ಯನವರ ಹತ್ತಿರ ಹೋದೆ. ತೆರಿಗೆ ಕಾಗದ ಬರೆದುಕೊಡುವ ಕಸುಬು ಅವರದು. ಮುಂದಿನ ಕೋಣೆಯೇ ಆಫೀಸು. ಒಂದು ಟೈಪ್ ಮಿಷನ್ನು, ಒಂದು ಬೀರು, ಬಂದವರಿಗೆ ಒಂದು ಬೆಂಚು. ಕಾಗದ ತಿರುಗಿಸಿ ಮೂಸಿ ನೋಡಿ, ‘ಇದಕ್ಕೆ ಒಗ್ಗರಣೆ ಒಂದು ಬಾಕಿ’ ಎಂದರು. ನಾನು ವ್ರತದ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು. ಬೊಂಬಾಯಿ ಗುಮಾಸ್ತ ಇನ್ನೊಂದು ಸರದಿಯವರ ದಿನಗಳನ್ನು ಇವರ ಹೆಸರಿಗೆ ಇಳಿಸಿಬಿಟ್ಟಿದ್ದ. ಕಾಗದ ಬರೆದರು, ಎರಡು ತಿಂಗಳಲ್ಲಿ ಸರಿಯಾಗಿ ಬಂತು. ಆಮೇಲೆ ಅವರೇ ಕರೆದು, ಈ ಸಮುದ್ರದವರ ಸರದಿ ತಮ್ಮ ತಲೆಗೆ ಹತ್ತುವುದಿಲ್ಲ, ನೀವೇ ಮನೆಯಲ್ಲಿ ಕೂತು ಎಲ್ಲ ಹೊಂದಿಸಿ ಬರೆದುಕೊಟ್ಟರೆ ತಾವು ನೋಡಿ ಕಳಿಸುವುದಾಗಿ ಹೇಳಿದರು. ಅವತ್ತೇ ಒಂದು ಮಾತು ಹೇಳಿದ್ದರು. ‘ಸರೋಜಮ್ಮ, ಕಾಗದದಲ್ಲಿ ಏನಿದೆಯೋ ಅದನ್ನ ಬರೀರಿ. ಕೂಡಿಸ್ಬೇಡಿ, ಕಳೀಬೇಡಿ.’ ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ನನ್ನ ಕೆಲಸದ ರೀತಿ ಯಾವ ಪುಸ್ತಕದ್ದೂ ಅಲ್ಲ. ಮನೆಮನೆಗೂ ಒಂದೊಂದು ಗೋಡೆ ಕ್ಯಾಲೆಂಡರು. ಗಂಡ ಕಡಲ ಮೇಲಿರುವ ದಿನಕ್ಕೆ ಕುಂಕುಮದ ಚುಕ್ಕಿ, ಮನೆಯಲ್ಲಿರುವ ದಿನಕ್ಕೆ ಅರಿಶಿನದ ಚುಕ್ಕಿ. ಉದುರದ ಹಾಗೆ ಒಂದು ತೊಟ್ಟು ಎಣ್ಣೆಯಲ್ಲಿ ಕಲಸಬೇಕು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಕೈಯಲ್ಲೇ ಚುಕ್ಕಿ ಇಟ್ಟುಬಿಡುವುದು. ಓದು ಬರದ ಹೆಂಗಸರೂ ಇಡುತ್ತಿದ್ದರು. ವರ್ಷದ ಕೊನೆಗೆ ಕ್ಯಾಲೆಂಡರು ಸುತ್ತಿಕೊಂಡು ನನ್ನ ಹತ್ತಿರ ಬಂದರೆ ಬೊಂಬಾಯಿ ಕಾಗದದ ಪಕ್ಕ ಹಿಡಿದು ಒಂದೊಂದೇ ದಿನ ತಾಳೆ ನೋಡುವುದು. ಆಗ ಬರುತ್ತಿದ್ದದ್ದು ಕಾರ್ಬನ್ನಿನ ಮೂರನೇ ಪ್ರತಿ. ಆರು ಯಾವುದು ಎಂಟು ಯಾವುದು ತಿಳಿಯದು. ಬಿಸಿಲಿಗೆ ಹಿಡಿದು ಓದಬೇಕು. ಆಮೇಲಾಮೇಲೆ ಎರಡು ಅಂಚಿಗೂ ತೂತು ಇರುವ ಉದ್ದನೆ ಕಾಗದದಲ್ಲಿ ಕಂಪ್ಯೂಟರಿನ ಅಕ್ಷರ ಬಂತು. ಕಣ್ಣಿಗೆ ಸುಖವಾಯಿತು. ಆದರೆ ತಪ್ಪು ಅಷ್ಟೇ ಇರುತ್ತಿತ್ತು, ನೋಡಲು ಚೆನ್ನಾಗಿರುತ್ತಿತ್ತು ಅಷ್ಟೆ.

ಗುಬ್ಬಿಯ ಶಿವಮ್ಮ ಒಂದು ಸಲ ಅಳುತ್ತಾ ಬಂದಿದ್ದಳು. ಅವಳ ಗಂಡ ಅಟ್ಟದ ಮೇಲೆ ಅಡುಗೆಯವನು. ಮೂರು ತಿಂಗಳ ಬಾಕಿ ಓವರ್‌ಟೈಮನ್ನು ಒಂದೇ ತಿಂಗಳು ಕೊಟ್ಟಿದ್ದರು. ಆ ತಿಂಗಳು ತೆರಿಗೆಯನ್ನೂ ಸಿಕ್ಕಾಪಟ್ಟೆ ಹಿಡಿದಿದ್ದರು. ಗಂಡ ದುಡ್ಡು ಎಲ್ಲೋ ಕಳೆದು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಗುಮಾನಿ. ನಾನು ಒಲೆಯ ಮೇಲಿದ್ದ ಹಾಲು ತೋರಿಸಿದೆ. ಉಕ್ಕಿದಾಗ ಪಾತ್ರೆ ತುಂಬ ಇರುತ್ತದೆ, ಇಳಿಸಿದರೆ ಮತ್ತೆ ಅಷ್ಟೇ ಹಾಲು. ಬೊಂಬಾಯಿಯವನು ಉಕ್ಕಿದಾಗ ಅಳೆದಿದ್ದಾನೆ, ವರ್ಷವೆಲ್ಲ ಇಷ್ಟೇ ಬರುತ್ತದೆ ಎಂದು ತೆರಿಗೆ ಹಿಡಿದಿದ್ದಾನೆ, ವರ್ಷದ ಕೊನೆಗೆ ಇಳಿಸಿ ತೋರಿಸಿದರೆ ಹೆಚ್ಚಾದದ್ದು ವಾಪಸು ಬರುತ್ತದೆ ಎಂದೆ. ಕಣ್ಣೊರೆಸಿಕೊಂಡು, ‘ಹಂಗಾರೆ ನನ್ ಗಂಡ ಒಳ್ಳೆಯವ್ನೇಯ. ಸುಮ್ನೆ ಎಲ್ಡು ದಿನ ಉಪ್ಪಿಲ್ದಿರೋ ಸಾರು ಹಾಕ್ಬುಟ್ಟೆ’ ಎಂದಳು. ದುಡ್ಡು ಮುಂದಿನ ವರ್ಷ ವಾಪಸು ಬಂತು. ಬಾರದಿದ್ದರೆ ನಾನು ಅವಳಿಗೆ ಏನು ಮುಖ ತೋರಿಸುತ್ತಿದ್ದೆನೋ, ಅದೊಂದು ಪುಣ್ಯ.

ಇನ್ನು ನನ್ನ ತಪ್ಪಿನ ವಿಷಯ.

ಕುಣಿಗಲ್ ಕಡೆಯ ಕೊತ್ತಗೆರೆಯ ಗಂಗಾಧರ ವೆಲ್ಡರು. ನಮ್ಮವರದೇ ಸರದಿ. ಹೊಸದಾಗಿ ಸೇರಿದ್ದ. ಅವನ ಹೆಂಡತಿ ಜಯಮ್ಮ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮನೆಯಲ್ಲಿ ಅವನ ತಾಯಿ ತಾಯಮ್ಮ. ಅವನು ಸೇರಿದಾಗ ನಾನೇ ಹೋಗಿ ಜಯಮ್ಮನಿಗೆ ಕ್ಯಾಲೆಂಡರಿನ ಚುಕ್ಕಿ ಇಡುವುದು ಹೇಳಿಕೊಟ್ಟೆ. ಜೊತೆಗೆ ಇನ್ನೊಂದನ್ನೂ ಹೇಳಿಕೊಟ್ಟೆ. ನೀರಿನ ಮೇಲೆ ಹೋಗುವ ಗಂಡಸನ್ನು ಅಮಾವಾಸ್ಯೆ, ಅದರ ಹಿಂದು ಮುಂದಿನ ದಿನ ಹೊರಡಿಸಬಾರದು. ಮಂಗಳವಾರವಂತೂ ಕೂಡದು. ನಮ್ಮ ಮನೆಯಲ್ಲಿ ನಾನು ಹೊರಡಿಸುತ್ತಿರಲಿಲ್ಲ. ನಮ್ಮವರು ಗೊಣಗುತ್ತಿದ್ದರು. ಆದರೆ ಹಳಬರು, ಲೆಕ್ಕದಲ್ಲಿ ರಜ ಉಳಿದಿರುತ್ತಿತ್ತು, ಎರಡು ದಿನ ರಜ ಬರೆದು ತಡವಾಗಿ ಹೋಗುತ್ತಿದ್ದರು.

ಇದು ಪ್ರತಿ ತಿಂಗಳ ತೊಂದರೆಯಲ್ಲ. ಅವರ ಸರದಿ ಇಪ್ಪತ್ತೆಂಟು ದಿನಕ್ಕೊಮ್ಮೆ, ಯಾವಾಗಲೂ ಸೋಮವಾರವೇ ಹೊರಡುವುದು. ಅಮಾವಾಸ್ಯೆ ಬರುವುದು ಇಪ್ಪತ್ತೊಂಬತ್ತಕ್ಕೋ ಮೂವತ್ತಕ್ಕೋ. ಹಾಗಾಗಿ ಒಂದೂವರೆ ವರ್ಷ ಒಂದರ ಮುಖ ಒಂದು ನೋಡುವುದಿಲ್ಲ. ಆಮೇಲೆ ಮೂರು ಸರದಿ ಒಂದರ ಹಿಂದೆ ಒಂದು ಡಿಕ್ಕಿ ಹೊಡೆಯುತ್ತವೆ. ಗಂಗಾಧರ ಸೇರಿದ ವರ್ಷವೇ ಆ ಮೂರು ಬಂದವು. ಅವನಿಗೆ ಇನ್ನೂ ರಜ ಕೂಡಿರಲಿಲ್ಲ. ತಡವಾಗಿ ಹೋದರೆ ಗೈರುಹಾಜರಿ, ಹೊಸಬನ ಕೆಲಸಕ್ಕೇ ಕುತ್ತು.

ಅಲ್ಲಿ ಅವನ ಎದುರು ಸರದಿಯಲ್ಲಿ ವರ್ಗೀಸ್ ಎಂಬ ಮಲಯಾಳಿ ವೆಲ್ಡರು. ಒಳ್ಳೆಯ ಮನುಷ್ಯ. ಮನೆ ಕಟ್ಟಿಸುತ್ತಿದ್ದ, ದುಡ್ಡು ಬೇಕಿತ್ತು. ‘ನೀನು ನಿಧಾನವಾಗಿ ಬಾ, ನಿನ್ನ ದಿನ ನಾನು ಮಾಡ್ತೀನಿ’ ಎಂದ. ಅಟ್ಟದ ಮೇಸ್ತ್ರಿ ಕಂಡೂ ಕಾಣದ ಹಾಗೆ ಇದ್ದ. ಮೊದಲ ಸಲ ಎರಡು ದಿನ, ಎರಡನೇ ಸಲ ಎರಡು, ಮೂರನೇ ಸಲ ಮೂರು. ಒಟ್ಟು ಏಳು ದಿನ ವರ್ಗೀಸ್ ದುಡಿದ, ಹಾಜರಿ ಗಂಗಾಧರನ ಹೆಸರಿನಲ್ಲಿ ಬಿತ್ತು. ಸಂಬಳ, ಓವರ್‌ಟೈಮ್ ಎರಡೂ ಗಂಗಾಧರನ ಕೈಗೆ ಬಂತು. ಅವನು ಅದನ್ನು ಹಾಗೇ ವರ್ಗೀಸನ ಕೈಗೆ ಕೊಟ್ಟ.

ವರ್ಷದ ಕೊನೆಗೆ ನಾನು ತಾಳೆ ನೋಡುವಾಗ ಕಾಗದದಲ್ಲಿ ಹಾಜರಿ ಇದ್ದ ಏಳು ದಿನ ಜಯಮ್ಮನ ಕ್ಯಾಲೆಂಡರಿನಲ್ಲಿ ಅರಿಶಿನದ ಚುಕ್ಕಿಯಾಗಿತ್ತು. ಗಂಗಾಧರ ರಜದಲ್ಲಿದ್ದ, ಕರೆಸಿ ಕೇಳಿದೆ. ಅವನು ಬಾಗಿಲ ಹತ್ತಿರವೇ ನಿಂತು ಎಲ್ಲ ಹೇಳಿ, ‘ಅಕ್ಕಾ, ಆ ಏಳ್ ದಿನ ನಂದಲ್ಲ. ನಾನ್ ಮನೇಲಿ ಮುದ್ದೆ ಉಣ್ತಾ ಕೂತಿದ್ದೆ. ಅದ್ನ ನಂದು ಅಂತ ಬರ್ಕೊಂಡ್ರೆ ದೇವ್ರು ಮೆಚ್ಚಲ್ಲ’ ಎಂದ.

ನನಗೆ ಅವನ ಮಾತು ಬಹಳ ಹಿಡಿಸಿತು. ದುಡಿಯದ್ದನ್ನು ದುಡಿದೆ ಎಂದು ಬರೆಯುವುದು ಪಾಪ ಎಂದೇ ನನಗೂ ಅನಿಸಿತು. ಏಳು ದಿನದ ಸಂಬಳ, ಓವರ್‌ಟೈಮ್ ಎರಡನ್ನೂ ಕಳೆದು ಬರೆದೆ. ಹಿಡಿದ ತೆರಿಗೆಯನ್ನು ಮಾತ್ರ ಕಾಗದದಲ್ಲಿದ್ದಷ್ಟೇ ತೋರಿಸಿದೆ. ಅದರಿಂದ ಒಂದಿಷ್ಟು ದುಡ್ಡು ವಾಪಸು ಬರಬೇಕೆಂದು ಆಯಿತು. ಪುಟ್ಟರಾಜಯ್ಯನವರು ನನ್ನ ಮೇಲಿನ ನಂಬಿಕೆಯಿಂದ ಬಿಡಿಸಿ ನೋಡದೆ ಕಳಿಸಿದರು. ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ, ಸತ್ಯ ಬರೆದೆನೆಂದು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಜಯಮ್ಮ ಹೆಬ್ಬೂರು ಮೇಲೆ ಬರುವ ಮೊದಲನೇ ಬಸ್ಸಿಗೆ ಬಂದಿಳಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಲಕೋಟೆ ತೆಗೆದಳು. ಬೆವರಿಗೆ ಮೆತ್ತಗಾಗಿತ್ತು. ಆದಾಯ ತೆರಿಗೆ ಆಫೀಸಿನ ನೋಟೀಸು. ಕಂಪನಿ ಕೊಟ್ಟ ಸರ್ಟಿಫಿಕೇಟಿಗೂ ನೀವು ತೋರಿಸಿದ ಆದಾಯಕ್ಕೂ ವ್ಯತ್ಯಾಸವಿದೆ, ಆದಾಯ ಮುಚ್ಚಿಟ್ಟಿದ್ದೀರಿ, ದಂಡ ಬೀಳಬಹುದು, ಇಂಥ ದಿನ ಬಂದು ವಿವರಣೆ ಕೊಡಿ, ಇಲ್ಲದಿದ್ದರೆ ಕಂಪನಿಗೇ ಬರೆದು ದಿನವಾರು ಹಾಜರಿ ತರಿಸಿಕೊಳ್ಳುತ್ತೇವೆ ಎಂದು ಅದರಲ್ಲಿತ್ತು. ದಿನ ನೋಡಿದರೆ ನಾಡಿದ್ದು. ಗಂಗಾಧರ, ನಮ್ಮವರು ಇಬ್ಬರೂ ಕಡಲ ಮೇಲೆ.

ಜಯಮ್ಮನಿಗೆ ದಂಡದ ಮಾತು ಹೇಳಿದೆ. ಅವಳು ಅದಕ್ಕೆ ಅಷ್ಟು ಹೆದರಲಿಲ್ಲ. ಕೊನೆಯ ಮಾತು ಓದಿ ಹೇಳಿದಾಗ ಗೋಡೆಗೆ ಒರಗಿ ಕೂತುಬಿಟ್ಟಳು. ‘ಕಂಪ್ನಿಗೆ ಬರುದ್ರೆ ಆಯ್ತಲ್ಲಕ್ಕ. ಇಲ್ದಿರೋನ್ಗೆ ಹಾಜ್ರಿ ಹಾಕವ್ರೆ ಅಂತ ಗೊತ್ತಾದ್ರೆ ಇವುರ್ನ ಮಡಿಕಂಡಾರಾ? ಆ ವರ್ಗೀಸಣ್ಣನ್ನೂ ಕಿತ್ತಾಕ್ತಾರೆ.’

ಅದೇ ನಿಜ. ನಾನು ಸತ್ಯ ಬರೆಯಲು ಹೋಗಿ ಇಬ್ಬರ ಅನ್ನಕ್ಕೆ ಕೈ ಹಾಕಿದ್ದೆ.

ಪುಟ್ಟರಾಜಯ್ಯನವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಫೈಲು ಬಿಡಿಸಿ ನನ್ನ ಬರಹದ ಮೇಲೆ ಬೆರಳಿಟ್ಟರು. ‘ನೀವು ಸಾರಿಗೆ ಉಪ್ಪು ಹಾಕಿ ಸರೋಜಮ್ಮ, ಲೆಕ್ಕಕ್ಕೆ ಹಾಕ್ಬೇಡಿ’ ಎಂದರು. ಆಮೇಲೆ, ತಾವೂ ಬರುವುದಾಗಿಯೂ ಆದರೆ ತಪ್ಪು ಮಾಡಿದವರೇ ಬಾಯಿ ಬಿಡಬೇಕೆಂದೂ ಹೇಳಿದರು. ಸುಳ್ಳು ಹೇಳಬೇಡಿ, ಕೇಳದೇ ಇದ್ದದ್ದನ್ನು ಹೇಳಬೇಡಿ, ಇವೆರಡೇ ಅವರು ಕೊಟ್ಟ ಬುದ್ಧಿವಾದ.

ಆ ದಿನ ಬೆಳಿಗ್ಗೆ ದೇವರ ಮುಂದೆ ಕೂತಾಗ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಸುಳ್ಳು ಹೇಳುವ ಧೈರ್ಯ ಕೊಡು ಎನ್ನಲೇ, ನಿಜ ಹೇಳುವ ಧೈರ್ಯ ಕೊಡು ಎನ್ನಲೇ? ಕೊನೆಗೆ, ದುರ್ಗದ ನರಸಿಂಹಸ್ವಾಮಿ, ಆ ಹುಡುಗಿಯ ಮನೆ ಒಲೆ ಆರದ ಹಾಗೆ ನೋಡಿಕೋ ಎಂದಷ್ಟೇ ಬೇಡಿಕೊಂಡು ಎದ್ದೆ. ಹೊರಡುವಾಗ ಯಾಕೋ ಹಿಂದಿನ ವರ್ಷದ ಪಂಚಾಂಗವನ್ನು ಕೈಚೀಲಕ್ಕೆ ಹಾಕಿಕೊಂಡೆ.

ಆಫೀಸರು ನಡುವಯಸ್ಸಿನವರು. ನಮ್ಮ ಕಡೆಯವರೇ ಇರಬೇಕು, ಮಾತು ಹಾಗಿತ್ತು. ಕೂರಲು ಹೇಳಿದರು. ಜಯಮ್ಮ ನನ್ನ ಪಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಪುಟ್ಟರಾಜಯ್ಯನವರು ಹಿಂದೆ. ಮೇಜಿನ ಮೇಲೆ ಒಂದು ಟೈಪಾದ ಕಾಗದ, ಸಹಿ ಆಗಿರಲಿಲ್ಲ. ತಲೆಕೆಳಗಾಗಿದ್ದರೂ ಮೇಲಿನ ವಿಳಾಸ ನನಗೆ ಗೊತ್ತಾಯಿತು. ವರ್ಷಗಟ್ಟಲೆ ನಾನೇ ಬರೆದ ಬೊಂಬಾಯಿ ಕಂಪನಿಯ ವಿಳಾಸ.

ಲೆಕ್ಕ ಬರೆದವಳು ನಾನು, ಇವರ ಯಜಮಾನರಿಗೆ ಲೆಕ್ಕ ತಿಳಿಯದು, ಪುಟ್ಟರಾಜಯ್ಯನವರು ಬಿಡಿಸಿ ನೋಡಿರಲಿಲ್ಲ, ತಪ್ಪು ನನ್ನದು ಎಂದೆ. ಅವರು ಕೇಳಿಸಿಕೊಂಡು ಸರ್ಟಿಫಿಕೇಟನ್ನೂ ನನ್ನ ಬರಹವನ್ನೂ ಪಕ್ಕಪಕ್ಕ ಇಟ್ಟರು.

‘ತಪ್ಪು ಅಂದ್ರೆ ಕೂಡೋದ್ರಲ್ಲಿ ತಪ್ಪಾಗತ್ತೆ. ಇದು ಹಾಗಿಲ್ಲ. ಸರಿಯಾಗಿ ಏಳು ದಿನದ್ದು ತೆಗೆದಿದೀರಿ. ಒಂದು ದಿನ ಹೆಚ್ಚಿಲ್ಲ, ಕಡಿಮೆ ಇಲ್ಲ. ಯಾಕೆ ತೆಗೆದ್ರಿ?’

ಕೇಳದೇ ಇದ್ದದ್ದನ್ನು ಹೇಳಬಾರದು, ಸರಿ. ಕೇಳಿಬಿಟ್ಟರಲ್ಲ. ಜಯಮ್ಮನ ಕೈ ನನ್ನ ಸೆರಗಿನ ಅಂಚನ್ನು ಹಿಡಿದುಕೊಂಡಿತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಪಂಚಾಂಗ ತೆಗೆದು ಮೇಜಿನ ಮೇಲಿಟ್ಟು ಮೂರು ಅಮಾವಾಸ್ಯೆಗಳನ್ನು ಬೆರಳಿಟ್ಟು ತೋರಿಸಿದೆ. ಹೊರಡಬೇಕಿದ್ದ ಸೋಮವಾರಗಳನ್ನು ತೋರಿಸಿದೆ. ಹೊರಟ ದಿನಗಳನ್ನು ತೋರಿಸಿದೆ. ಎರಡು, ಎರಡು, ಮೂರು. ಆ ದಿನ ಇನ್ನೊಬ್ಬರು ದುಡಿದರು, ದುಡ್ಡು ಅವರ ಕೈ ಸೇರಿತು, ದುಡಿಯದ್ದನ್ನು ಬರೆಯುವುದು ಪಾಪ ಎಂದು ನಾನು ತೆಗೆದೆ ಎಂದೆ.

ಅವರು ಪಂಚಾಂಗವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಸೋಮವಾರಗಳನ್ನು ತಾವೇ ಒಂದೊಂದಾಗಿ ಎಣಿಸಿದರು. ಫ್ಯಾನಿನ ಗಾಳಿಗೆ ಹಾಳೆ ಹಾರದ ಹಾಗೆ ಅದರ ಮೇಲೆ ಆ ಟೈಪಾದ ಕಾಗದವನ್ನೇ ಇಟ್ಟುಕೊಂಡರು.

‘ಅಮಾವಾಸ್ಯೆ ದಿನ ಹೊರಡಬೇಡ ಅಂತ ಆ ಹುಡುಗಂಗೆ ಯಾರು ಹೇಳಿದ್ದು?’

‘ನಾನೇ ಸ್ವಾಮಿ.’

ಹಿಂದೆ ಪುಟ್ಟರಾಜಯ್ಯನವರು ಕೆಮ್ಮಿದರು.

‘ಪ್ರಯಾಣಕ್ಕೆ ಮುಹೂರ್ತ ಇಡೋರೂ ನೀವೇ, ತೆರಿಗೆಗೆ ಲೆಕ್ಕ ಬರೆಯೋರೂ ನೀವೇ’ ಎಂದರು ಆಫೀಸರು. ನಗಲಿಲ್ಲ. ‘ಒಂದು ಕೇಳ್ತೀನಿ, ಅಷ್ಟಕ್ಕೇ ಉತ್ತರ ಕೊಡಿ. ಆ ಏಳು ದಿನದ ಸಂಬಳ ಯಾರ ಹೆಸರಲ್ಲಿ ಬಂತು?’

‘ಗಂಗಾಧರನ ಹೆಸರಲ್ಲಿ.’

‘ತೆರಿಗೆ ಯಾರ ಹೆಸರಲ್ಲಿ ಹಿಡಿದ್ರು?’

‘ಅವನ ಹೆಸರಲ್ಲೇ.’

‘ಹಾಗಾದ್ರೆ ಅದು ಅವನ ಆದಾಯ. ಕೈಗೆ ಬಂದ ಮೇಲೆ ಅವನು ಸ್ನೇಹಿತಂಗೆ ಕೊಡ್ಲಿ, ದೇವಸ್ಥಾನದ ಹುಂಡಿಗೆ ಹಾಕ್ಲಿ, ಅದು ನನಗೆ ಸಂಬಂಧ ಇಲ್ಲ. ಪೂರ್ತಿ ಬರೆದು ಇವತ್ತೇ ತಿದ್ದಿ ಕೊಡಿ. ಹೇಗೂ ತೆರಿಗೆ ಮೊದಲೇ ಹಿಡಿದಿದಾರೆ, ಇನ್ನು ಕಟ್ಟೋದೇನೂ ಬರಲ್ಲ. ವಾಪಸು ಕೇಳಿದ ದುಡ್ಡು ಸಿಗಲ್ಲ, ಅಷ್ಟೆ. ದುರುದ್ದೇಶ ಇಲ್ಲ ಅಂತ ದಂಡದ ಮಾತು ಇಲ್ಲಿಗೇ ಬಿಡ್ತೀನಿ.’

ನನ್ನ ಕಣ್ಣು ಆ ಟೈಪಾದ ಕಾಗದದ ಮೇಲೇ ಇತ್ತು. ಅವರಿಗೆ ಗೊತ್ತಾಯಿತು. ‘ಯಾರು ಯಾವ ದಿನ ಎಲ್ಲಿದ್ರು ಅನ್ನೋದು ಕಂಪನಿ ಕೆಲಸ, ನನ್ನದಲ್ಲ. ಲೆಕ್ಕ ತಾಳೆ ಆದ್ರೆ ನಾನು ಯಾರಿಗೂ ಬರೆಯಬೇಕಾಗಿಲ್ಲ’ ಎಂದು ಅದನ್ನು ನಾಲ್ಕಾಗಿ ಮಡಿಸಿ ಬುಟ್ಟಿಗೆ ಹಾಕಿದರು. ಪಂಚಾಂಗ ನನ್ನ ಕೈಗೆ ಕೊಟ್ಟರು. ‘ಆದ್ರೆ ಇನ್ನೊಂದು ಸಲ ಹೀಗೆ ಆಗಬಾರದಮ್ಮ. ಮುಂದಿನ ಸಲ ಇಲ್ಲಿ ಬೇರೆಯವರು ಕೂತಿರ್ತಾರೆ.’

ಹೊರಗೆ ಬಂದು ಮೆಟ್ಟಿಲಿನ ಮೇಲೆಯೇ ಕೂತು ಪುಟ್ಟರಾಜಯ್ಯನವರು ಹೊಸದಾಗಿ ಬರೆಸಿದರು. ಈ ಸಲ ಅವರು ಓದುತ್ತಾ ಹೋದರು, ನಾನು ಬರೆದೆ. ಜಯಮ್ಮ ಪಕ್ಕದಲ್ಲಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅವರು ನನ್ನ ಬರಹವನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಅವತ್ತೇ ಮೊದಲು. ಆಮೇಲೆ ಒಂದು ಕಾಗದವನ್ನೂ ಓದದೆ ಕಳಿಸಲಿಲ್ಲ. ನನಗೆ ಅದರಿಂದ ಬೇಜಾರಾಗಲಿಲ್ಲ, ಬೆನ್ನ ಹಿಂದೆ ಗೋಡೆ ಬಂದ ಹಾಗೆ ನೆಮ್ಮದಿಯಾಯಿತು. ಈಗ ಕೆಲಸಕ್ಕೆ ಸೇರುವ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ನಿಮ್ಮ ಮೇಲಿನವರು ನಿಮ್ಮ ಕೆಲಸವನ್ನು ತಿರುಗಿಸಿ ನೋಡಿದರೆ ಅವಮಾನ ಎಂದುಕೊಳ್ಳಬೇಡಿ.

ಆದರೆ ಅರ್ಧ ಭಾರ ಮಾತ್ರ ಇಳಿದಿತ್ತು. ಮೂರು ಸರದಿ ಮತ್ತೆ ಅಮಾವಾಸ್ಯೆಗೆ ಬಂದೇ ಬರುತ್ತವೆ. ಆಗ? ಅಮಾವಾಸ್ಯೆ ದಿನ ಹೊರಡು ಎನ್ನಲು ನನಗೆ ಬಾಯಿ ಬಾರದು. ಹೊರಡಬೇಡ ಎಂದರೆ ಮತ್ತೆ ಅದೇ ಕಥೆ.

ಅವತ್ತೇ ಸಂಜೆ ಜಯಮ್ಮನ ಜೊತೆ ಕೊತ್ತಗೆರೆಗೆ ಹೋದೆ. ತಾಯಮ್ಮನಿಗೆ ನಾನೇ ಹೇಳಬೇಕು ಅನ್ನಿಸಿತ್ತು. ಮುದುಕಿ ಬೆಳಿಗ್ಗೆಯಿಂದ ಏನೂ ಬಾಯಿಗೆ ಹಾಕದೆ ಜಗಲಿಯ ಮೇಲೆ ಕೂತಿದ್ದಳು. ಎಲ್ಲ ಕೇಳಿದಳು. ಕೆಲಸ ಉಳಿಯಿತು ಎಂದ ಮೇಲೆ ಎದ್ದು ಒಳಗೆ ಹೋಗಿ ದೇವರಿಗೆ ಕೈ ಮುಗಿದು ಬಂದಳು. ಬಂದವಳೇ ನನ್ನನ್ನು ಒಂದು ಥರ ನೋಡಿದಳು.

‘ಅಲ್ಲ ಕಣವ್ವ, ಅಮಾಸೆ ಆಗಾಕಿಲ್ಲ ಅಂದ್ರೆ ಪರಸ್ತಾನ ಮಡಗಾಕೇನಾಗಿತ್ತು ನಿಮ್ಗೆ? ನಮ್ಮಪ್ಪ ಹಸ ಕೊಳ್ಳಾಕೆ ದೂರ್ದೂರ ಹೋಗೋನು. ಅಮಾಸೆ ಬಂದ್ರೆ ಎಲ್ಡು ದಿನ ಮುಂಚೇನೆ ಕಂಬ್ಳಿ, ಬುತ್ತಿ ಚೀಲ ತಗಂಡೋಗಿ ಊರಾಚೆ ನಂಟ್ರ ಮನೇಲಿ ಮಡಗ್ಬುಡೋನು. ಹೊರಟಂಗೆ ಲೆಕ್ಕ. ಆಮ್ಯಾಕೆ ಅಮಾಸೆ ದಿನಾನೆ ಹೋಗೋನು, ಅಮಾಸೆ ಏನ್ ಮಾಡ್ತದೆ? ಪಂಚಾಂಗ ಓದೋದ್ ಕಲ್ತಿದೀರ, ಅದ್ರಿಂದ ತಪ್ಪುಸ್ಕಳಾದ್ ಕಲ್ತಿಲ್ಲ.’

ಪ್ರಸ್ಥಾನ ಇಡುವುದು ನನಗೆ ಗೊತ್ತಿಲ್ಲದ್ದಲ್ಲ. ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಪ್ರಯಾಣದ ಚೀಲ ಇಟ್ಟುಬಂದರೆ ಪ್ರಯಾಣ ಶುರುವಾದ ಹಾಗೆ. ನಮ್ಮ ಅಜ್ಜಿಯೂ ಮಾಡುತ್ತಿದ್ದಳು. ರೈಲು, ಹೆಲಿಕಾಪ್ಟರು, ಓವರ್‌ಟೈಮು ಎಂಬ ದೊಡ್ಡ ದೊಡ್ಡ ಮಾತಿನ ನಡುವೆ ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವತ್ತು ಅವರ ಮನೆಯಲ್ಲಿ ಎರಡು ಮುದ್ದೆ ಉಂಡೆ. 

ಗಂಗಾಧರ ರಜಕ್ಕೆ ಬಂದಾಗ ಎಲ್ಲ ಕೇಳಿದ, ವಾಪಸು ಅಟ್ಟಕ್ಕೆ ಹೋದವನೇ ಇನ್ನು ಮೇಲೆ ಬದಲಿ ಇಲ್ಲ ಎಂದು ವರ್ಗೀಸನಿಗೆ ಹೇಳಿದನಂತೆ. ವರ್ಗೀಸನಿಗೆ ಸ್ವಲ್ಪ ಬೇಸರವೇ ಆಯಿತಂತೆ. ನಿಮ್ಮ ಅಮಾವಾಸ್ಯೆಯಿಂದ ನನ್ನ ಮನೆಯ ಒಂದು ಕೋಣೆಗೆ ಹೆಂಚು ಬಂತು, ಇನ್ನೊಂದಕ್ಕೆ ಏನು ಮಾಡಲಿ ಎಂದನಂತೆ.

ಮೊದಲಿನ ಮೂರಕ್ಕೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ಅಂಥ ಮೂರು ಸರದಿ ಮತ್ತೆ ಬಂದವು. ಕುಣಿಗಲ್ ಕಡೆಯವರಿಗೆ ಹೋಗುವ ದಿಕ್ಕಿನಲ್ಲಿ ಸಿಗುವುದು ತುಮಕೂರು. ಹಾಗಾಗಿ ಗಂಗಾಧರನ ಚೀಲ ನನ್ನ ಮನೆಗೆ ಬಂತು. ಶುಕ್ರವಾರ ಬೆಳಿಗ್ಗೆ ಜಯಮ್ಮ ಬಸ್ಸಿನಲ್ಲಿ ತಂದು ದೇವರ ಕೋಣೆಯ ಬಾಗಿಲಲ್ಲಿ ಇಟ್ಟಳು, ನಾನು ಅದಕ್ಕೆ ಕುಂಕುಮ ಹಚ್ಚಿದೆ. ತುಮಕೂರಿನವರಾದ ನಮ್ಮವರ ಚೀಲ ಎಲ್ಲಿ ಇಡುವುದು? ರೈಲಿನ ದಾರಿಯಲ್ಲಿ ಮುಂದೆ ಸಿಗುವುದು ಗುಬ್ಬಿ. ಅದು ಶಿವಮ್ಮನ ಮನೆಗೆ ಹೋಯಿತು. ನಮ್ಮವರು ನನ್ನ ಮುಂದೆ ಬಹಳ ನಕ್ಕರು. ಕೈ ಬೀಸಿಕೊಂಡು ರೈಲು ಹತ್ತುವ ಅಟ್ಟದ ಎಲೆಕ್ಟ್ರಿಶಿಯನ್ ಇಡೀ ಇಂಡಿಯಾದಲ್ಲಿ ತಾವೊಬ್ಬರೇ ಎಂದರು. ಸೋಮವಾರ ಅಮಾವಾಸ್ಯೆಯ ದಿನ ಗಂಗಾಧರ ನಮ್ಮ ಮನೆಯಿಂದ ತನ್ನ ಚೀಲ ಎತ್ತಿಕೊಂಡ, ಇವರು ಬರಿಗೈಯಲ್ಲಿ ಹೊರಟರು. ಗುಬ್ಬಿಯಲ್ಲಿ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಶಿವಮ್ಮ ಪ್ಲಾಟ್‌ಫಾರಮ್ಮಿನ ಮೇಲೆ ಚೀಲ ಹಿಡಿದು ನಿಂತಿದ್ದು, ಕಿಟಕಿಯಿಂದ ಒಳಗೆ ತಳ್ಳಿ, ‘ಹುಷಾರು ಅಣ್ಣಯ್ಯ, ಒಳಗೆ ಚಟ್ನಿಪುಡಿ ಐತೆ’ ಎಂದಳಂತೆ. ಮೀರಜಿನಿಂದ ಇವರು ಹಾಕಿದ ಕಾರ್ಡಿನಲ್ಲಿ ಎರಡೇ ಸಾಲು. ಚೀಲ ಸಿಕ್ಕಿತು. ಚಟ್ನಿಪುಡಿ ಚೆನ್ನಾಗಿದೆ.

ಮಿಕ್ಕ ಎರಡು ಸರದಿಗೂ ಹಾಗೇ ಮಾಡಿದೆವು. ಇಬ್ಬರೂ ಸುಖವಾಗಿ ಹೋದರು, ಸುಖವಾಗಿ ಬಂದರು.

ಆ ವರ್ಷ ಮುಗಿದ ಮೇಲೆ ಜಯಮ್ಮ ಕ್ಯಾಲೆಂಡರು ಸುತ್ತಿಕೊಂಡು ಬಂದಳು. ಬೊಂಬಾಯಿಯ ತೂತಿನ ಕಾಗದವನ್ನು ನೆಲದ ಮೇಲೆ ಉ‌ದ್ದಕ್ಕೆ ಹಾಸಿ, ಪಕ್ಕದಲ್ಲಿ ಕ್ಯಾಲೆಂಡರು ಬಿಡಿಸಿದೆ. ಅವಳು ಚುಕ್ಕಿ ಹೇಳುತ್ತಾ ಹೋದಳು, ನಾನು ಕಾಗದ ನೋಡುತ್ತಾ ಹೋದೆ. ಆ ಮೂರು ಅಮಾವಾಸ್ಯೆಯ ತಿಂಗಳು ಬಂದಾಗ ಇಬ್ಬರ ದನಿಯೂ ತಗ್ಗಿತು. ಅಟ್ಟದ ಮೇಲಿನ ಒಂದೊಂದು ದಿನಕ್ಕೂ ಕುಂಕುಮ ಇತ್ತು. ಒಂದು ದಿನವೂ ಆಚೀಚೆ ಇರಲಿಲ್ಲ. ಪೆನ್ನು ತೆಗೆದುಕೊಂಡು, ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆ.